6×4 ಮೀಟರ್ ರೂಮಿಗೆ ಎಷ್ಟು ಕಾಂಕ್ರೀಟ್ ಬ್ಲಾಕ್ ಬೇಕು? ಮೂವರು ಮೂರು ಲೆಕ್ಕ ಕೊಟ್ಟಿದ್ದಾರೆ

ಹೊಸಗೋಡೆ

ಎಲ್ಲರಿಗೂ ನಮಸ್ಕಾರ. ಸಾಮಾನು ಇಡಲು ಒಂದು ರೂಮು ಕಟ್ಟಿಸುತ್ತಿದ್ದೇನೆ. ಹೊರಗಿನ ಅಳತೆ 6 ಮೀಟರ್‌ಗೆ 4 ಮೀಟರ್. ಗೋಡೆ ಎತ್ತರ 3 ಮೀಟರ್, ದಪ್ಪ 200 ಮಿ.ಮೀ. ಬಾಗಿಲು ಒಂದು, 1 ಮೀಟರ್ ಅಗಲ. ಕಿಟಕಿ ಎರಡು, ಒಂದೊಂದೂ 1.2ಕ್ಕೆ 1.2 ಮೀಟರ್. ಹಾಲೋ ಬ್ಲಾಕ್, ಅಂದರೆ ಒಳಗೆ ಪೊಳ್ಳು ಇರುವ ಕಾಂಕ್ರೀಟ್ ಬ್ಲಾಕ್, ಹಾಕುವುದು ಅಂತ ತೀರ್ಮಾನ ಆಗಿದೆ.

ಎಷ್ಟು ತರಿಸಬೇಕು ಅಂತ ಮೂವರನ್ನು ಕೇಳಿದೆ. ಒಬ್ಬರು 852 ಅಂದರು. ಇನ್ನೊಬ್ಬರು 750 ಅಂದರು. ಮೇಸ್ತ್ರಿ ಮಾತ್ರ ಕಾಗದ ಮುಟ್ಟಲಿಲ್ಲ. ಪಾಯದ ಸುತ್ತ ಒಂದು ಸುತ್ತು ನಡೆದರು, ಬೆರಳು ಮಡಚಿ ಏನೋ ಎಣಿಸಿದರು, "ಒಂದು ಆರುನೂರು ಹೇಳಿಬಿಡಿ" ಅಂದರು. 852ಕ್ಕೂ 600ಕ್ಕೂ ನಡುವೆ ಒಂದು ಇಡೀ ಉದ್ದ ಗೋಡೆಗಿಂತ ಜಾಸ್ತಿ ಬ್ಲಾಕ್ ಇದೆ! ಯಾರನ್ನು ನಂಬಲಿ? ಯಾಕೆ ಇಷ್ಟು ವ್ಯತ್ಯಾಸ ಬರುತ್ತದೆ ಅಂತ ಗೊತ್ತಾದರೆ ಸಾಕು, ಉಳಿದದ್ದು ನಾನೇ ಮಾಡಿಕೊಳ್ಳುತ್ತೇನೆ.

ವರಸೆಲೆಕ್ಕ

852 ಎಲ್ಲಿಂದ ಬಂತು ಅಂತ ನೋಡಿದ ತಕ್ಷಣ ಗೊತ್ತಾಯಿತು. ಅವರು ಗೋಡೆಯ ಗಾತ್ರ ತೆಗೆದುಕೊಂಡಿದ್ದಾರೆ. ಸುತ್ತಳತೆ 20, ಎತ್ತರ 3, ದಪ್ಪ 0.2, ಒಟ್ಟು 12 ಘನ ಮೀಟರ್. ಅದನ್ನು ಒಂದು ಬ್ಲಾಕಿನ ಗಾತ್ರದಿಂದ, ಅಂದರೆ 0.39 × 0.19 × 0.19ರಿಂದ ಭಾಗಿಸಿದ್ದಾರೆ. 852 ಬರುತ್ತದೆ.

ತಪ್ಪು ಎಲ್ಲಿದೆ ಅಂದರೆ, ಗೋಡೆಯಲ್ಲಿ ಬರೀ ಬ್ಲಾಕ್ ಇರುವುದಿಲ್ಲ. ಗಾರೆಯ ಸಂದು ಇರುತ್ತದೆ. ಅಂಗಡಿಯಲ್ಲಿ "400, 200, 200" ಅಂತ ಹೇಳುವ ಬ್ಲಾಕನ್ನು ಟೇಪು ಹಿಡಿದು ಅಳೆದರೆ ಎಷ್ಟೋ ಸಲ 390, 190, 190 ಇರುತ್ತದೆ. ಅದು ಮೋಸ ಅಲ್ಲ. 10 ಮಿ.ಮೀ. ಗಾರೆ ಸೇರಿದ ಮೇಲೆ ಅದು ಗೋಡೆಯಲ್ಲಿ 400 ಮತ್ತು 200ರ ಜಾಗ ಹಿಡಿಯಲಿ ಅಂತ ಹಾಗೆ ಮಾಡುತ್ತಾರೆ. ಒಂದು ಹೆಸರಿನ ಅಳತೆ, ಒಂದು ನಿಜದ ಅಳತೆ. ಎಣಿಕೆಗೆ ಯಾವಾಗಲೂ ಸಂದು ಸೇರಿದ ಅಳತೆ ಹಿಡಿಯಬೇಕು.

0.4 × 0.2 ಅಂದರೆ 0.08 ಚದರ ಮೀಟರ್. ಹಾಗಾಗಿ ಒಂದು ಚದರ ಮೀಟರ್‌ಗೆ 12.5 ಬ್ಲಾಕ್. ಸಂದು ಮರೆತು 0.39 × 0.19 ಹಿಡಿದರೆ 13.5 ಬರುತ್ತದೆ. ನೋಡೋಕೆ ಒಂದೇ ಒಂದು ಬ್ಲಾಕ್ ಜಾಸ್ತಿ, ಆದರೆ 60 ಚದರ ಮೀಟರ್‌ಗೆ ಅದು 60 ಬ್ಲಾಕ್. ನಿಮ್ಮ ಎರಡನೆಯವರು 60ಕ್ಕೆ 12.5 ಗುಣಿಸಿ 750 ಅಂದಿದ್ದಾರೆ. ಸಂದು ಹಿಡಿದಿದ್ದಾರೆ, ಆದರೆ ಮೂಲೆ ಕಳೆದಿಲ್ಲ, ಬಾಗಿಲು ಕಿಟಕಿಯನ್ನೂ ಕಳೆದಿಲ್ಲ.

ಇನ್ನೊಂದು ಮಾತು. ಬ್ಲಾಕಿನ ಎಣಿಕೆಗೆ ಗೋಡೆಯ ದಪ್ಪ ಬೇಕಾಗುವುದೇ ಇಲ್ಲ. ದಪ್ಪ 100 ಇರಲಿ, 150 ಇರಲಿ, 200 ಇರಲಿ, ಎದುರಿನ ಮುಖ 400 × 200 ಆದರೆ ಚದರ ಮೀಟರ್‌ಗೆ 12.5 ಬ್ಲಾಕೇ. ಗಾತ್ರದ ಲೆಕ್ಕಕ್ಕೆ ಹೋದವರೆಲ್ಲ ಸುಮ್ನೆ ದಾರಿ ತಪ್ಪುತ್ತಾರೆ. ಮುಖದ ಲೆಕ್ಕ ಮಾಡಿ.

ಕರಣಿ

ನಿಮ್ಮ ಮೇಸ್ತ್ರಿ ಬೆರಳು ಮಡಚಿದ್ದು ವರಸೆ, ಅಂದರೆ ಬ್ಲಾಕಿನ ಅಡ್ಡ ಸಾಲು, ಎಣಿಸಲು. ನಾನು ಇಪ್ಪತ್ತು ವರ್ಷದಿಂದ ಗೋಡೆ ಕಟ್ಟುತ್ತಿದ್ದೇನೆ, ನಾನೂ ಹಾಗೇ ಎಣಿಸುವುದು. ಚದರ ಮೀಟರ್ ಲೆಕ್ಕ ಅಂದಾಜಿಗೆ ಸರಿ. ತರಿಸುವ ಲೆಕ್ಕ ವರಸೆಯಲ್ಲೇ ಆಗಬೇಕು.

ಮೂಲೆಯ ವಿಷಯ ಹೇಳುತ್ತೇನೆ, ಕಣ್ಣ ಮುಂದೆ ತಂದುಕೊಳ್ಳಿ. ಮೊದಲ ವರಸೆಯಲ್ಲಿ 6 ಮೀಟರ್ ಗೋಡೆ ಮೂಲೆಯಿಂದ ಮೂಲೆಗೆ ಪೂರ್ತಿ ಹೋಗುತ್ತದೆ. 15 ಬ್ಲಾಕ್. 4 ಮೀಟರ್ ಗೋಡೆಗೆ ಎರಡೂ ಕಡೆ ಆ ಮೂಲೆ ಬ್ಲಾಕಿನ 200 ಮಿ.ಮೀ. ಆಗಲೇ ಹೋಗಿರುತ್ತದೆ. ಉಳಿಯುವುದು 3.6 ಮೀಟರ್, 9 ಬ್ಲಾಕ್. ಎರಡನೇ ವರಸೆಯಲ್ಲಿ ಇದು ತಿರುಗುತ್ತದೆ. 4 ಮೀಟರ್ ಗೋಡೆ ಪೂರ್ತಿ ಹೋಗುತ್ತದೆ, 10 ಬ್ಲಾಕ್. 6 ಮೀಟರ್ ಗೋಡೆಗೆ 5.6 ಉಳಿಯುತ್ತದೆ, 14 ಬ್ಲಾಕ್.

ಮೊದಲ ವರಸೆ 15+15+9+9, ಎರಡನೆಯದು 14+14+10+10. ಎರಡೂ 48. ಒಂದು ಬ್ಲಾಕನ್ನೂ ಒಡೆಯಬೇಕಾಗಿಲ್ಲ. ಮೇಲಿನ ಬ್ಲಾಕು ಕೆಳಗಿನ ಸಂದಿನ ಮೇಲೆ ಸರಿಯಾಗಿ ಅರ್ಧಕ್ಕೆ ಕೂರುತ್ತದೆ. ಈ ರೂಮಿನ ನಕ್ಷೆ ಮಾಡಿದವರು ಬ್ಲಾಕ್ ನೋಡಿಯೇ ಮಾಡಿದ್ದಾರೆ ಅನಿಸುತ್ತದೆ. 6.1 ಮೀಟರ್ ಅಂತ ಬರೆದಿದ್ದರೆ ಪ್ರತಿ ವರಸೆಗೂ ಒಂದು ಚೂರು ಕತ್ತರಿಸಿ ತುರುಕಬೇಕಿತ್ತು.

ವರಸೆಲೆಕ್ಕ

ಕರಣಿಯವರು ಹೇಳಿದ್ದೇ ಸರಿ. ಅದನ್ನೇ ಮುಂದುವರಿಸುತ್ತೇನೆ. ಆದರೆ ಮೊದಲು ಒಂದು ಪ್ರಶ್ನೆ. ಲಿಂಟಲ್, ಅಂದರೆ ಮೇಲಿನ ಗೋಡೆಯನ್ನು ಹೊರುವ ಕಾಂಕ್ರೀಟ್ ತೊಲೆ, ಬಾಗಿಲು ಕಿಟಕಿ ಮೇಲೆ ಮಾತ್ರವೋ ಅಥವಾ ಸುತ್ತಲೂ ಪಟ್ಟಿಯೋ?

ಹೊಸಗೋಡೆ

ಸುತ್ತಲೂ ಪಟ್ಟಿ. 200 ಎತ್ತರ ಅಂತ ಇಂಜಿನಿಯರ್ ಬರೆದಿದ್ದಾರೆ. ಬಾಗಿಲು ಕಿಟಕಿ ಎರಡರ ತಲೆಯೂ ಒಂದೇ ಮಟ್ಟದಲ್ಲಿ ಬರುತ್ತದೆ.

ವರಸೆಲೆಕ್ಕ

ಹಾಗಾದರೆ ಆ ಪಟ್ಟಿ ಒಂದು ಇಡೀ ವರಸೆಯನ್ನು ನುಂಗುತ್ತದೆ. ಇದನ್ನು ಎಷ್ಟು ಜನ ಮರೆಯುತ್ತಾರೆ ಗೊತ್ತಾ? 3 ಮೀಟರ್ ಎತ್ತರಕ್ಕೆ 15 ವರಸೆ. 11 ವರಸೆ ಬ್ಲಾಕ್ ಕಟ್ಟಿದರೆ 2.2 ಮೀಟರ್, ಅದರ ಮೇಲೆ ಪಟ್ಟಿ, ಅದರ ಮೇಲೆ ಇನ್ನು ಮೂರು ವರಸೆ. ಬ್ಲಾಕ್ ಇರುವುದು 14 ವರಸೆಯಲ್ಲಿ ಮಾತ್ರ. 14 × 48 ಅಂದರೆ 672.

ಬಾಗಿಲು 1 ಮೀಟರ್ ಅಗಲ, ಅಂದರೆ ಎರಡೂವರೆ ಬ್ಲಾಕ್, 11 ವರಸೆ. 27.5 ಕಳೆಯಿರಿ. ಕಿಟಕಿ 3 ಬ್ಲಾಕ್ ಅಗಲ, 6 ವರಸೆ ಎತ್ತರ, 18. ಎರಡು ಕಿಟಕಿಗೆ 36. ಉಳಿದದ್ದು 608.5. ಮೇಸ್ತ್ರಿ ಹೇಳಿದ ಆರುನೂರು!

ಅವರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಒಡೆಯುವುದಕ್ಕೆ ಅಂತ ಶೇಕಡಾ 5 ಸೇರಿಸಿದರೆ 640. ಆದರೆ ಈಗಲೇ ತರಿಸಬೇಡಿ, ನಿಮ್ಮ ಬ್ಲಾಕ್ ನಿಜವಾಗಿ 390 ಇದೆಯಾ ಅಂತ ನಮಗೆ ಇನ್ನೂ ಗೊತ್ತಿಲ್ಲ.

ಅಡಿಇಂಚು

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಕಡೆ ಎಲ್ಲ ಅಡಿಯಲ್ಲೇ ಮಾತು. 10 ಅಡಿಗೆ 10 ಅಡಿ ಗೋಡೆಗೆ ಎಷ್ಟು ಅಂತ ಹೇಗೆ ಹೇಳುವುದು?

ತೂಗುಗುಂಡು

16 ಇಂಚು × 8 ಇಂಚು ಬ್ಲಾಕ್ ಆದರೆ, ಸಂದು ಸೇರಿ, 8 ಚದರ ಅಡಿಗೆ 9 ಬ್ಲಾಕ್. ಇದೊಂದು ನೆನಪಿಟ್ಟುಕೊಂಡರೆ ಸಾಕು. 100 ಚದರ ಅಡಿಗೆ 112.5, ಅಂದರೆ 113. 10 ಅಡಿ ಎತ್ತರಕ್ಕೆ ಸರಿಯಾಗಿ 15 ವರಸೆ.

ಆದರೆ ಒಂದು ಎಚ್ಚರ. 8 ಇಂಚು ಅಂದರೆ 203.2 ಮಿ.ಮೀ., 200 ಅಲ್ಲ. ಒಂದು ವರಸೆಗೆ 3.2 ಮಿ.ಮೀ. ಏನು ಮಹಾ ಅನಿಸುತ್ತದೆ. 15 ವರಸೆಗೆ 48 ಮಿ.ಮೀ. ಆಗುತ್ತದೆ. ನಕ್ಷೆ ಅಡಿಯಲ್ಲಿ, ಬ್ಲಾಕ್ ಮಿಲಿಮೀಟರ್‌ನಲ್ಲಿ ಇದ್ದರೆ ಗೋಡೆ ತಲೆಯಲ್ಲಿ ಎರಡು ಇಂಚು ಕಡಿಮೆ ಬರುತ್ತದೆ. ಆಗ ಮೇಸ್ತ್ರಿ ಸಂದನ್ನು ದಪ್ಪ ಮಾಡಿ ಸರಿದೂಗಿಸುತ್ತಾರೆ, ಅಥವಾ ತಲೆಯಲ್ಲಿ ಕಾಂಕ್ರೀಟ್ ತುಂಬುತ್ತಾರೆ. ಅಡಿಯೋ ಮೀಟರೋ, ಯಾವುದಾದರೂ ಒಂದನ್ನು ಹಿಡಿಯಿರಿ.

ಎರಡನೇಲೋಡ್

ನನ್ನ ಅನುಭವ ಹೇಳುತ್ತೇನೆ, ಬೇರೆಯವರಿಗೆ ಹಾಗಾಗದಿರಲಿ. ನಾನು ಎಣಿಕೆ ಸ್ವಲ್ಪ ಬಿಗಿಯಾಗಿ ಹಿಡಿದಿದ್ದೆ. ಕೊನೆಗೆ ನೂರು ಬ್ಲಾಕ್ ಕಡಿಮೆ ಬಿತ್ತು. ಮೊದಲು ಕೊಟ್ಟವರ ಹತ್ತಿರ ಸ್ಟಾಕ್ ಇರಲಿಲ್ಲ. ಬೇರೆಯವರಿಂದ ತರಿಸಿದೆ. ಅವರೂ "400, 200, 200" ಅಂತಲೇ ಹೇಳಿದ್ದು. ಇಳಿಸಿದ ಮೇಲೆ ಅಳೆಯಲಿಲ್ಲ, ಅದೇ ನನ್ನ ತಪ್ಪು.

ಮೊದಲನೆಯದು 190 ಎತ್ತರ ಇತ್ತು, ಎರಡನೆಯದು 195. ಒಂದು ಮೂಲೆಯ ಈ ಕಡೆ ಹಳೆ ಬ್ಲಾಕ್, ಆ ಕಡೆ ಹೊಸ ಬ್ಲಾಕ್. ಮೂರು ವರಸೆ ಹೋಗುವಷ್ಟರಲ್ಲಿ ದಾರ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಹೊಸ ಬ್ಲಾಕಿನ ಕೆಳಗೆ ಗಾರೆಯನ್ನು 5 ಮಿ.ಮೀ.ಗೆ ಇಳಿಸಿ ಕಟ್ಟಿದರು. ಅಷ್ಟು ತೆಳು ಗಾರೆಯಲ್ಲಿ ಬ್ಲಾಕ್ ಸರಿಯಾಗಿ ಕೂರುವುದಿಲ್ಲ, ತಟ್ಟಿ ಮಟ್ಟ ಮಾಡೋಕೂ ಆಗುವುದಿಲ್ಲ. ಮುಂದಿನ ವರ್ಷ ಅದೇ ಜಾಗದಲ್ಲಿ ಸಂದು ಹಿಡಿದುಕೊಂಡು ಮೆಟ್ಟಿಲ ಆಕಾರದಲ್ಲಿ ಬಿರುಕು ಬಂತು. ಇವತ್ತಿಗೂ ಆ ಗೋಡೆ ಮುಂದೆ ಹೋದಾಗ ಮನಸ್ಸಿಗೆ ಕಸಿವಿಸಿ ಆಗುತ್ತದೆ.

ಒಂದು ಕಟ್ಟಡಕ್ಕೆ ಒಂದೇ ಕಡೆಯ ಬ್ಲಾಕ್. ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಒಂದೇ ಸಲ ತರಿಸಿ.

ತೂಗುಗುಂಡು

ಇದು ತುಂಬ ಮುಖ್ಯವಾದ ಮಾತು. ಬ್ಲಾಕಿನ ಅಳತೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುವುದು ಸಹಜ, ಅದಕ್ಕೆ ಮಿತಿಯೂ ಇದೆ. ಕಾಂಕ್ರೀಟ್ ಬ್ಲಾಕಿಗೆ ಇರುವ ಭಾರತದ ಮಾನದಂಡ ಐಎಸ್ 2185 ಉದ್ದದಲ್ಲಿ 5 ಮಿ.ಮೀ., ಎತ್ತರ ಮತ್ತು ಅಗಲದಲ್ಲಿ 3 ಮಿ.ಮೀ. ಆಚೆ ಈಚೆ ಒಪ್ಪುತ್ತದೆ. ಅಮೆರಿಕದ ಎಎಸ್‌ಟಿಎಂ ಸಿ 90ರಲ್ಲಿ ಅದು 3.2 ಮಿ.ಮೀ. ಎತ್ತರದ ವ್ಯತ್ಯಾಸವೇ ಜಾಸ್ತಿ ತೊಂದರೆ ಕೊಡುವುದು. ಉದ್ದದ್ದು ನಿಂತ ಸಂದಿನಲ್ಲಿ ಹೊಂದಿಕೊಳ್ಳುತ್ತದೆ. ಎತ್ತರದ್ದು ವರಸೆಯಿಂದ ವರಸೆಗೆ ಕೂಡುತ್ತಾ ಹೋಗುತ್ತದೆ.

ಒಂದು ಬ್ಲಾಕ್ ಅಳೆದು ತೀರ್ಮಾನ ಮಾಡಬೇಡಿ. ಸಮ ನೆಲದ ಮೇಲೆ 10 ಬ್ಲಾಕನ್ನು ಗಾರೆ ಇಲ್ಲದೆ ಒತ್ತಿ ಸಾಲಾಗಿ ಇಡಿ, ಒಟ್ಟು ಉದ್ದ ಅಳೆದು ಹತ್ತರಿಂದ ಭಾಗಿಸಿ. ಆಮೇಲೆ ಐದನ್ನು ಒಂದರ ಮೇಲೆ ಒಂದು ಪೇರಿಸಿ ಎತ್ತರ ಅಳೆಯಿರಿ. ಲಾಟಿನ ಬೇರೆ ಬೇರೆ ಜಾಗದಿಂದ ತೆಗೆದುಕೊಳ್ಳಿ, ಮೇಲಿನ ಸಾಲಿನದ್ದೇ ಹತ್ತೂ ಬೇಡ.

ಹೊಸಗೋಡೆಯವರೇ, ಇದನ್ನು ಮಾಡಿ ನೋಡಿ ಹೇಳಿ.

ಹೊಸಗೋಡೆ

ಇವತ್ತು ಬೆಳಗ್ಗೆ ಹೋಗಿ ಅಳೆದೆ. ಹತ್ತರ ಸಾಲು 4012 ಮಿ.ಮೀ. ಬಂತು. ನಡುವೆ ಕೂದಲೆಳೆ ಸಂದು ಇದ್ದೇ ಇತ್ತು. ಐದರ ಪೇರು 1002. ಅಂದರೆ ನನ್ನ ಬ್ಲಾಕ್ 390 ಅಲ್ಲ! ನಿಜವಾಗಿಯೂ 400 × 200. ಅಗಲವೂ 200. ಈಗ ಇಷ್ಟು ಹೊತ್ತು ಮಾಡಿದ ಲೆಕ್ಕ ಎಲ್ಲ ಹೋಯಿತಾ?

ವರಸೆಲೆಕ್ಕ

ಹೋಗಲಿಲ್ಲ, ಆದರೆ ಮತ್ತೆ ಮಾಡಬೇಕು. ತರಿಸುವ ಮೊದಲು ಅಳೆದಿರಿ, ಒಳ್ಳೆಯದಾಯಿತು.

ಈಗ ಸಂದು ಸೇರಿದರೆ 410 × 210. ಚದರ ಮೀಟರ್‌ಗೆ 12.5 ಅಲ್ಲ, 11.6. ಈ ಬ್ಲಾಕಿನಲ್ಲಿ ಸರಿಯಾಗಿ 6 ಮೀಟರ್ ಕಟ್ಟಲು ಹೋದರೆ ಪ್ರತಿ ವರಸೆಯಲ್ಲೂ ಒಂದು ಬ್ಲಾಕ್ ಕತ್ತರಿಸಬೇಕು. ಅದರ ಬದಲು ನಿಮ್ಮ ಪಾಯದಲ್ಲಿ ಜಾಗ ಇದೆಯಾ ನೋಡಿ. 15 ಬ್ಲಾಕ್ ಮತ್ತು ನಡುವಿನ 14 ಸಂದು ಸೇರಿದರೆ 6.14 ಮೀಟರ್. 10 ಬ್ಲಾಕ್ ಮತ್ತು 9 ಸಂದು 4.09 ಮೀಟರ್. ರೂಮು ಒಂದು ಕಡೆ 14 ಸೆಂ.ಮೀ., ಇನ್ನೊಂದು ಕಡೆ 9 ಸೆಂ.ಮೀ. ದೊಡ್ಡದಾಗುತ್ತದೆ. ವರಸೆಗೆ ಅದೇ 48 ಬ್ಲಾಕ್.

ಗೋಡೆಯ ಉದ್ದದಲ್ಲಿ ಬ್ಲಾಕಿಗಿಂತ ಒಂದು ಸಂದು ಕಡಿಮೆ ಇರುತ್ತದೆ. ಬಾಗಿಲು ಕಿಟಕಿಯಲ್ಲಿ ಉಲ್ಟಾ, ಅಲ್ಲಿ ಒಂದು ಸಂದು ಜಾಸ್ತಿ. 2.5 ಬ್ಲಾಕಿನ ಬಾಗಿಲ ಜಾಗ 2.5 × 410 + 10, ಅಂದರೆ 1035 ಮಿ.ಮೀ. 3 ಬ್ಲಾಕಿನ ಕಿಟಕಿ 1240. ಚೌಕಟ್ಟು ಮಾಡುವವರಿಗೆ ಈ ಅಳತೆ ಕೊಡಿ, ನಕ್ಷೆಯಲ್ಲಿರುವ ಗುಂಡು ಸಂಖ್ಯೆ ಕೊಡಬೇಡಿ.

ಎತ್ತರಕ್ಕೆ ಬಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. 10 ವರಸೆಗೆ ಸರಿಯಾಗಿ 2.10 ಮೀಟರ್, ಬಾಗಿಲಿಗೆ ಹೇಳಿ ಮಾಡಿಸಿದ ಎತ್ತರ. 11ನೆಯದು ಲಿಂಟಲ್ ಪಟ್ಟಿ. ಮೇಲೆ ಮೂರು ವರಸೆ. ಒಟ್ಟು 14 ವರಸೆ, 2.94 ಮೀಟರ್. 6 ಸೆಂ.ಮೀ. ಕಡಿಮೆ ಆಯಿತು, ಆದರೆ ಒಂದು ಬ್ಲಾಕನ್ನೂ ಅಡ್ಡ ಸೀಳಬೇಕಾಗಿಲ್ಲ. ಇಂಜಿನಿಯರ್ ಒಪ್ಪಿದರೆ ಹೀಗೇ ಬಿಡಿ.

ಬ್ಲಾಕಿನ ವರಸೆ 13. 13 × 48 = 624. ಬಾಗಿಲು 10 ವರಸೆ, 25 ಹೋಯಿತು. ಕಿಟಕಿಯ ಕೆಳಗೆ 4 ವರಸೆ, ಅಲ್ಲಿಂದ ಮೇಲೆ 6 ವರಸೆ ಕಿಟಕಿ. ಎರಡಕ್ಕೆ 36 ಹೋಯಿತು. ಉಳಿದದ್ದು 563.

ಅರ್ಧ ಬ್ಲಾಕಿನ ಲೆಕ್ಕವನ್ನೂ ಈಗಲೇ ಮಾಡಿಬಿಡೋಣ. ಬಾಗಿಲ ಎರಡು ಬದಿ ಸೇರಿ ಪ್ರತಿ ವರಸೆಗೂ ಒಂದು ಅರ್ಧ ಬೇಕು, ಯಾಕೆಂದರೆ ಅಗಲ ಎರಡೂವರೆ. ಹತ್ತು ವರಸೆಗೆ ಹತ್ತು. ಕಿಟಕಿ ಮೂರು ಬ್ಲಾಕ್ ಅಗಲ, ಹಾಗಾಗಿ ಒಂದು ವರಸೆ ಬಿಟ್ಟು ಒಂದರಲ್ಲಿ ಎರಡೂ ಬದಿಗೆ ಅರ್ಧ. ಕಿಟಕಿಗೆ ಆರರಂತೆ ಹನ್ನೆರಡು. ಒಟ್ಟು 22 ಅರ್ಧ, ಅಂದರೆ 11 ಪೂರ್ತಿಗೆ ಸಮ. ಪೂರ್ತಿ ಬ್ಲಾಕ್ 552, ಅರ್ಧ 22. ಅರ್ಧ ಬ್ಲಾಕ್ ಅಚ್ಚಿನಲ್ಲೇ ಮಾಡಿದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹಾಲೋ ಬ್ಲಾಕನ್ನು ಸುತ್ತಿಗೆಯಲ್ಲಿ ಅರ್ಧ ಮಾಡಲು ಹೋದರೆ ಎರಡು ಅರ್ಧ ಸಿಗುವುದು ಅಪರೂಪ, ಒಂದು ಅರ್ಧ ಮತ್ತು ಒಂದು ರಾಶಿ ಚೂರು ಸಿಗುತ್ತದೆ.

ಈ ಲೆಕ್ಕ ನಿಲ್ಲಬೇಕಾದರೆ ಬಾಗಿಲು ಕಿಟಕಿ ಎರಡೂ ಬ್ಲಾಕಿನ ಸಂದಿಗೆ ಬರಬೇಕು. ನಕ್ಷೆಯಲ್ಲಿ ಕಿಟಕಿ ಮೂಲೆಯಿಂದ 1.3 ಮೀಟರ್‌ಗೆ ಇದ್ದರೆ ಅದನ್ನು ಮೂರು ಬ್ಲಾಕಿಗೆ, ಅಂದರೆ 1.22ಕ್ಕೆ ಸರಿಸಿ. ಎಂಟು ಸೆಂಟಿಮೀಟರ್ ಯಾರ ಕಣ್ಣಿಗೂ ಕಾಣುವುದಿಲ್ಲ, ಆದರೆ ಆರು ವರಸೆ ಕತ್ತರಿಸುವ ಕೆಲಸ ಉಳಿಯುತ್ತದೆ.

ಕರಣಿ

ಒಂದು ಅಳತೆ ಕೋಲು ಮಾಡಿಸಿ. ನೇರ ಇರುವ ಮರದ ರೀಪು, 3 ಮೀಟರ್ ಉದ್ದ. ಅದರ ಮೇಲೆ 210, 420, 630 ಅಂತ ಪೆನ್ಸಿಲಿನಲ್ಲಿ ಗೀಟು ಹಾಕಿ. ಕಿಟಕಿಯ ಬುಡ ಎಲ್ಲಿ, ಲಿಂಟಲ್ ಎಲ್ಲಿ ಅಂತ ಬಣ್ಣದಲ್ಲಿ ಗುರುತು ಮಾಡಿ. ನಾಲ್ಕು ಮೂಲೆಗೂ ಅದೇ ಕೋಲು ಹಿಡಿಯಬೇಕು. ಟೇಪಿನಲ್ಲಿ ಪ್ರತಿ ಸಲ ಅಳೆದರೆ ಒಂದೊಂದು ಮಿಲಿಮೀಟರ್ ಜಾರುತ್ತಾ ಹೋಗುತ್ತದೆ. ಕೋಲು ಜಾರುವುದಿಲ್ಲ.

ಗಾರೆ ಕಲಸುವ ಮೊದಲು ಮೊದಲ ವರಸೆಯನ್ನು ಒಣಗಿದ್ದಾಗಲೇ ಸುತ್ತಲೂ ಜೋಡಿಸಿ ನೋಡಿ. 10 ಮಿ.ಮೀ. ದಪ್ಪದ ಕಬ್ಬಿಣದ ಸರಳಿನ ಒಂದು ತುಂಡನ್ನು ಸಂದಿಗೆ ಇಟ್ಟುಕೊಂಡು ಜೋಡಿಸಿದರೆ ಸಂದು ತಾನಾಗಿಯೇ ಸರಿ ಬರುತ್ತದೆ. ಬಾಗಿಲು ಬಿಟ್ಟು 45 ಪೂರ್ತಿ, 1 ಅರ್ಧ ಬರಬೇಕು. ಬಂದರೆ ಮೇಲಿನ ಎಲ್ಲ ವರಸೆಯೂ ಬಂದ ಹಾಗೆ.

ಹೊಸಗೋಡೆ

ತುಂಬ ಉಪಕಾರ ಆಯಿತು. ಸಿಮೆಂಟ್ ಮತ್ತು ಮರಳಿನ ಲೆಕ್ಕವನ್ನೂ ಹೀಗೆ ಬಿಡಿಸಿ ಹೇಳುತ್ತೀರಾ? 1ಕ್ಕೆ 6 ಅಂತ ಬರೆದಿದ್ದಾರೆ.

ತೂಗುಗುಂಡು

ಬ್ಲಾಕಿನ ಸುತ್ತ ಇರುವ ಸಂದೇ ಗಾರೆ. 0.41 × 0.21 ಕಳೆಯಿರಿ 0.4 × 0.2, ಅಂದರೆ 0.0061 ಚದರ ಮೀಟರ್. ದಪ್ಪ 0.2 ಗುಣಿಸಿದರೆ ಒಂದು ಬ್ಲಾಕಿಗೆ ಸುಮಾರು 1.22 ಲೀಟರ್ ಗಾರೆ. 563 ಬ್ಲಾಕಿಗೆ 0.69 ಘನ ಮೀಟರ್. ಇದು ಒದ್ದೆ ಗಾರೆ. ಒಣ ಸಿಮೆಂಟು ಮರಳು ನೀರು ಸೇರಿದಾಗ ಕುಗ್ಗುತ್ತದೆ, ಅದಕ್ಕೆ 1.33 ಗುಣಿಸುತ್ತಾರೆ. 0.91 ಆಯಿತು. ಬಿದ್ದು ಹೋಗುವುದಕ್ಕೆ ಐದರಲ್ಲಿ ಒಂದು ಪಾಲು ಸೇರಿಸಿ, 1.1 ಹಿಡಿಯಿರಿ. ಏಳು ಪಾಲಿನಲ್ಲಿ ಒಂದು ಸಿಮೆಂಟ್, 0.157. 50 ಕೆ.ಜಿ. ಮೂಟೆ 0.035 ಘನ ಮೀಟರ್. ನಾಲ್ಕೂವರೆ ಮೂಟೆ ಬಂತು, ಐದು ತನ್ನಿ. ಮರಳು 0.94, ಒಂದು ಘನ ಮೀಟರ್ ಇರಲಿ.

ಹಾಲೋ ಬ್ಲಾಕಿಗೆ ಗಾರೆಯನ್ನು ಎರಡು ಅಂಚಿನ ಮೇಲೆ ಮಾತ್ರ ಹಾಕುವುದರಿಂದ ಕಡಿಮೆ ಸಾಕಲ್ವಾ ಅಂತ ಕೇಳಬಹುದು. ಕಾಗದದ ಮೇಲೆ ಹೌದು. ಆದರೆ ಪೊಳ್ಳಿನೊಳಗೆ ಬೀಳುವುದೂ ಇದೆ. ನಾನಂತೂ ಕಳೆಯುವುದಿಲ್ಲ.

ಗಾರೆಯ ದಪ್ಪದ ಮೇಲೆ ಕಣ್ಣಿಡಿ. 10ರ ಬದಲು 15 ಮಿ.ಮೀ. ಆದರೆ ಬ್ಲಾಕ್ ಎಣಿಕೆ ಹೆಚ್ಚೇನೂ ಇಳಿಯುವುದಿಲ್ಲ, ಆದರೆ ಗಾರೆ ಒಂದೂವರೆ ಪಟ್ಟು ಆಗುತ್ತದೆ. 14 ವರಸೆಗೆ ಗೋಡೆ 70 ಮಿ.ಮೀ. ಎತ್ತರ ಹೋಗುತ್ತದೆ, ಬಾಗಿಲ ತಲೆಯ ಮಟ್ಟ ಎಲ್ಲೋ ಹೋಗುತ್ತದೆ. ದಪ್ಪ ಗಾರೆ ಗಟ್ಟಿ ಅಂತ ಒಂದು ನಂಬಿಕೆ ಇದೆ, ಅದು ತಪ್ಪು. ಗೋಡೆಯಲ್ಲಿ ಸಾಮಾನ್ಯವಾಗಿ ಬ್ಲಾಕಿಗಿಂತ ಮೆತ್ತಗಿರುವುದು ಗಾರೆ. ಅದು ದಪ್ಪ ಆದಷ್ಟೂ ಗೋಡೆಯ ಬಲ ಇಳಿಯುತ್ತದೆ.

ಆರಿಂಚು

ನಾನು 150 ಮಿ.ಮೀ. ದಪ್ಪದ ಗೋಡೆ ಕಟ್ಟುತ್ತಿದ್ದೇನೆ. ಎಣಿಕೆ ಅದೇ ಅಂದಿರಿ. ಆದರೆ ಮೂಲೆಯಲ್ಲಿ ಅರ್ಧಕ್ಕೆ ಕೂರುತ್ತಿಲ್ಲ. ನಮ್ಮ ಮೇಸ್ತ್ರಿ ಪ್ರತಿ ಮೂಲೆಗೂ ಒಂದು ಸಣ್ಣ ಚೂರು ಹಾಕುತ್ತಿದ್ದಾರೆ.

ಕರಣಿ

ಚೂರು ಬೇಡ. 200 ದಪ್ಪ 400ರ ಸರಿ ಅರ್ಧ, ಹಾಗಾಗಿ ಮೂಲೆ ತಿರುಗಿದರೆ ತಾನಾಗಿಯೇ ಅರ್ಧಕ್ಕೆ ಬರುತ್ತದೆ. 150 ಹಾಗಲ್ಲ. ಕೆಳಗಿನ ಸಂದು 400ಕ್ಕೆ, ಮೇಲಿನದು 150ಕ್ಕೆ ಮತ್ತು 550ಕ್ಕೆ ಬರುತ್ತದೆ. ನಡುವೆ 150 ಹಿಡಿತ ಸಿಗುತ್ತದೆ. ಬ್ಲಾಕಿನ ಕಾಲು ಭಾಗ, ಅಂದರೆ 100 ಮಿ.ಮೀ. ಹಿಡಿತ ಇದ್ದರೆ ಗೋಡೆಗೆ ತೊಂದರೆ ಇಲ್ಲ. ಸರಿಯಾಗಿ ಅರ್ಧಕ್ಕೇ ಬೇಕು ಅಂದರೆ ಮೂಲೆಗೆ 350 ಉದ್ದದ ಬ್ಲಾಕ್ ಹಾಕಿ. ಎಲ್ಲ ವರಸೆಯ ಮೂಲೆಗೂ ಅದು ಬೇಕಾಗುತ್ತದೆ, ಅದನ್ನು ಬೇರೆಯಾಗಿ ಎಣಿಸಿ. 50 ಮಿ.ಮೀ. ಚೂರನ್ನು ಮಾತ್ರ ಯಾವತ್ತೂ ಹಾಕಿಸಬೇಡಿ, ಮಳೆ ನೀರು ಅಲ್ಲಿಂದಲೇ ಒಳಗೆ ಬರುವುದು.

ತೂಗುಗುಂಡು

ಹೊಸಗೋಡೆಯವರಿಗೆ ಇನ್ನೊಂದು. ಮೂಲೆಯಲ್ಲಿ, ಬಾಗಿಲ ಪಕ್ಕದಲ್ಲಿ ಪೊಳ್ಳಿಗೆ ಸರಳು ಇಟ್ಟು ಕಾಂಕ್ರೀಟ್ ತುಂಬಲು ಇಂಜಿನಿಯರ್ ಹೇಳಿದ್ದರೆ ಅದರ ಲೆಕ್ಕವೂ ಬೇಕು. ಪೊಳ್ಳು ಒಂದು ಕಡೆ ಕಿರಿದಾಗಿ, ಇನ್ನೊಂದು ಕಡೆ ಅಗಲವಾಗಿ ಇರುವುದರಿಂದ ಟೇಪಿನಲ್ಲಿ ಸರಿ ಸಿಗುವುದಿಲ್ಲ. ಒಂದು ಬ್ಲಾಕನ್ನು ಪ್ಲಾಸ್ಟಿಕ್ ಹಾಳೆ ಮೇಲೆ ಇಟ್ಟು ಒಂದು ಪೊಳ್ಳಿಗೆ ಒಣ ಮರಳು ತುಂಬಿ, ಮೇಲೆ ಪಟ್ಟಿಯಿಂದ ಸವರಿ. ಬ್ಲಾಕ್ ಎತ್ತಿ, ಆ ಮರಳನ್ನು ಲೀಟರ್ ಡಬ್ಬದಲ್ಲಿ ಅಳೆಯಿರಿ. ಅದನ್ನು ವರಸೆಯಿಂದ ಗುಣಿಸಿ, ಸಂದಿಗೆ ಸ್ವಲ್ಪ ಸೇರಿಸಿ.

ಮತ್ತೆ, ಬ್ಲಾಕ್ ಎಷ್ಟು ದಿನದ್ದು ಅಂತ ಕೇಳಿ. ಐಎಸ್ 2185 ಪ್ರಕಾರ ಕನಿಷ್ಠ 14 ದಿನ ನೀರು ಹಿಡಿಸಿ, ಆಮೇಲೆ ನಾಲ್ಕು ವಾರ ಒಣಗಿಸಬೇಕು. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ. ಆ ಕುಗ್ಗುವಿಕೆ ಅಂಗಳದಲ್ಲೇ ಮುಗಿಯಬೇಕು, ಗೋಡೆಯಲ್ಲಿ ಆದರೆ ಬಿರುಕು. ಇದೇ ಕಾರಣಕ್ಕೆ ಇಟ್ಟಿಗೆಯಂತೆ ಬ್ಲಾಕನ್ನು ನೀರಲ್ಲಿ ನೆನೆಸಬಾರದು. ಬಿಸಿಲು ಜೋರಿದ್ದರೆ ಗಾರೆ ತಾಗುವ ಮುಖಕ್ಕೆ ಸ್ವಲ್ಪ ನೀರು ಚಿಮುಕಿಸಿದರೆ ಸಾಕು.

ಹೊಸಗೋಡೆ

ಗೋಡೆ ಮುಗಿಯಿತು, ಬಂದು ಹೇಳಬೇಕು ಅನಿಸಿತು.

ಪಾಯ ಅಗಲ ಇದ್ದದ್ದರಿಂದ 6.14 × 4.09ಕ್ಕೆ ಒಪ್ಪಿಗೆ ಸಿಕ್ಕಿತು. 2.94 ಎತ್ತರಕ್ಕೂ ಇಂಜಿನಿಯರ್ ಹೂಂ ಅಂದರು. ಪೂರ್ತಿ 580, ಅರ್ಧ 25 ತರಿಸಿದೆ, ಎಲ್ಲ ಒಂದೇ ಲಾಟು. ಆರು ವಾರ ಆಗಿದ್ದನ್ನೇ ಕೇಳಿ ತೆಗೆದುಕೊಂಡೆ. ಒಂದು ಪೊಳ್ಳಿಗೆ ಮರಳು ತುಂಬಿ ನೋಡಿದಾಗ 3.8 ಲೀಟರ್ ಬಂತು. ವರಸೆಗೆ ನಾಲ್ಕು ಲೀಟರ್ ಅಂತ ಹಿಡಿದೆವು, 13 ವರಸೆಗೆ ಒಂದು ಕಂಬಕ್ಕೆ 52. ಅಂಥ ನಾಲ್ಕು ಮೂಲೆ ತುಂಬಿದೆವು.

ಮೊದಲ ವರಸೆಯನ್ನು ಒಣಗಿದ್ದಾಗಲೇ ಜೋಡಿಸುವಾಗ ನಾನೂ ಕೈಹಾಕಿದೆ. ಮೂರು ಗೋಡೆ ಸರಿ ಬಂತು. ನಾಲ್ಕನೆಯದರಲ್ಲಿ ಕೊನೆಯ ಬ್ಲಾಕಿಗೆ ಎರಡು ಬೆರಳು ಜಾಗ ಸಾಲಲಿಲ್ಲ. ಮೇಸ್ತ್ರಿ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ದಾರ ಹಿಡಿದರು, ಎರಡು ಅಡ್ಡ ಅಳತೆಯಲ್ಲಿ 40 ಮಿ.ಮೀ. ವ್ಯತ್ಯಾಸ ಇತ್ತು. ಬ್ಲಾಕ್ ಸರಿ ಇತ್ತು, ದಾರ ಕಟ್ಟಿದ್ದೇ ಓರೆ ಆಗಿತ್ತು. ಗೂಟ ಕಿತ್ತು ಸರಿಸಿದ ಮೇಲೆ 45 ಪೂರ್ತಿ, 1 ಅರ್ಧ ಚಕ್ಕನೆ ಕೂತವು.

ಕೊನೆಗೆ ಉಳಿದದ್ದು 17 ಪೂರ್ತಿ, 3 ಅರ್ಧ. ಇಳಿಸುವಾಗ ಒಡೆದದ್ದು ಏಳು, ಕಟ್ಟುವಾಗ ನಾಲ್ಕು. ಸಿಮೆಂಟ್ ಗಾರೆಗೆ ಐದು ಮೂಟೆ ಪೂರ್ತಿ ಖರ್ಚಾಯಿತು. 852ರ ಲೆಕ್ಕ ಹಿಡಿದಿದ್ದರೆ ಇನ್ನೂರೆಪ್ಪತ್ತಕ್ಕೂ ಹೆಚ್ಚು ಬ್ಲಾಕ್ ಅಂಗಳದಲ್ಲಿ ಬಿದ್ದಿರುತ್ತಿತ್ತು.

ಕರಣಿ

17 ಬಿಸಾಡಬೇಡಿ. ಬಾಗಿಲ ಮುಂದೆ ಮೆಟ್ಟಿಲು ಇನ್ನೂ ಕಟ್ಟಿಲ್ಲ ಅಲ್ವಾ? ಪೊಳ್ಳಿಗೆ ಕಾಂಕ್ರೀಟ್ ತುಂಬಿ ಎರಡು ಮೆಟ್ಟಿಲು ಮಾಡಿಸಿ. ಅಗಲ ಮೂರು ಬ್ಲಾಕ್, ಕೆಳಗಿನದು ಎರಡು ಸಾಲು ಆಳ, ಮೇಲಿನದು ಒಂದು. 9 ಬ್ಲಾಕ್ ಸಾಕು.

ಹೊಸಗೋಡೆ

200 ಎತ್ತರದ ಮೆಟ್ಟಿಲು ಸ್ವಲ್ಪ ಜಾಸ್ತಿ ಆಗುವುದಿಲ್ಲವೇ? ಮನೆಯಲ್ಲಿ ಹಿರಿಯರಿದ್ದಾರೆ.

ಕರಣಿ

ಹೌದು, ಹಿರಿಯರಿಗೆ 150 ಒಳ್ಳೆಯದು. ಹಾಗಾದರೆ ಕೆಳಗಿನ ಬ್ಲಾಕನ್ನು 50 ಮಿ.ಮೀ. ನೆಲದಲ್ಲಿ ಇಳಿಸಿ ಕೂರಿಸಿ, ಮೇಲಿನದಕ್ಕೆ 150 ಅಗಲದ ಬ್ಲಾಕ್ ಸಿಕ್ಕರೆ ಮಲಗಿಸಿ ಹಾಕಿ. ಆಗ ಮೂರು ಮೆಟ್ಟಿಲು ಬೇಕಾಗಬಹುದು, ನಿಮ್ಮ ಬಾಗಿಲ ಹೊಸ್ತಿಲು ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದು ಹೇಳಿ.